ಕಾರೂ ಕಡಲು ದಾಟಬೇಕೇ?

ಪರದೇಶದಲ್ಲಿ ನೆಲೆಸಿದ ಮಕ್ಕಳು ಸಂಸಾರ ಸಮೇತ ಮರಳಿ ಬರುತ್ತೇವೆಂದು ಫೋನು ಮಾಡಿದ ದಿನ ತಂದೆತಾಯಿಯರಿಗೆ ಆಗುವ ಸಂತೋಷ ಅಷ್ಟಿಷ್ಟಲ್ಲ. 2023ರ ಬೇಸಿಗೆಯಲ್ಲಿ ಆ ಸಂತೋಷ ನಮ್ಮ ಮನೆಗೂ ಬಂದಿತು. ಆರು ವರ್ಷ ಇಂಗ್ಲೆಂಡಿನಲ್ಲಿದ್ದ ಮಗಳು, ಅಳಿಯ ಮತ್ತು ನಾಲ್ಕು ವರ್ಷದ ಮೊಮ್ಮಗಳು ಪುಣೆಯಲ್ಲಿ ಬಂದು ನೆಲೆಸುವುದೆಂದು ನಿಶ್ಚಯವಾಯಿತು. ಪಾತ್ರೆ ಪಗಡಿ, ಪುಸ್ತಕ, ಮಗುವಿನ ಮಂಚ ಎಲ್ಲದರ ಮಾತೂ ಮುಗಿದ ಮೇಲೆ ಮಗಳು ಮೆಲ್ಲನೆ ಕೇಳಿದಳು: "ಅಪ್ಪಾ, ಕೆಂಪಿಯನ್ನೂ ಕರೆದುಕೊಂಡು ಬರೋಣವೆ?"

ಕೆಂಪಿ ಎಂದರೆ ಅವರ ಕೆಂಪು ಬಣ್ಣದ ಕಾರು. 2019ರಲ್ಲಿ ಹೊಸದಾಗಿ ಕೊಂಡದ್ದು. ಮೊಮ್ಮಗಳನ್ನು ಆಸ್ಪತ್ರೆಯಿಂದ ಮನೆಗೆ ಕರೆತಂದದ್ದು ಅದರಲ್ಲೇ. ಕೊರೋನಾ ಕಾಲದಲ್ಲಿ ನಾಲ್ಕು ಗೋಡೆಗಳ ಹೊರಗೆ ಅವರಿಗಿದ್ದ ಏಕೈಕ ಜಗತ್ತೂ ಅದೇ. ಇಂಥದೊಂದು ವಸ್ತುವನ್ನು ಯಾರೋ ಅಪರಿಚಿತರ ಕೈಗೆ ಒಪ್ಪಿಸಿ ವಿಮಾನ ಏರುವುದು ಸುಲಭವಲ್ಲ. ನಾವೂ ಹಿಂದು ಮುಂದು ನೋಡದೆ "ಸಾಗಣೆಗೆ ಎಷ್ಟಾಗುತ್ತದೆ, ವಿಚಾರಿಸಿ" ಎಂದುಬಿಟ್ಟೆವು. ಮೊದಲ ತಪ್ಪು ನಮ್ಮದೇ. ಏಕೆಂದರೆ ಈ ವಿಷಯದಲ್ಲಿ ಸಾಗಣೆಯ ವೆಚ್ಚ ಕಡೆಯಲ್ಲಿ ಕೇಳಬೇಕಾದ ಪ್ರಶ್ನೆಯೇ ಹೊರತು ಮೊದಲು ಕೇಳಬೇಕಾದದ್ದಲ್ಲ.

ಅಳಿಯಂದಿರು ಅಲ್ಲಿನ ಒಬ್ಬ ಸಾಗಣೆ ಏಜೆಂಟನನ್ನು ಕಂಡರು. ಅವನು ಹೇಳಿದ ದರ ಎದೆ ನಡುಗಿಸುವಂಥದ್ದೇನಾಗಿರಲಿಲ್ಲ. ಮುಂಗಡವನ್ನೂ ಕೊಟ್ಟದ್ದಾಯಿತು. ಅದಾದ ಮೇಲೆ ನಾವು ಭಾರತದ ಆಮದು ನಿಯಮಗಳನ್ನು ತೆರೆದು ಓದಿದಾಗ ಮೂರನೆಯ ಸಾಲಿನಲ್ಲೇ ಕಣ್ಣು ನಿಂತಿತು. ತಯಾರಾಗಿ ಮೂರು ವರ್ಷ ಮೀರಿದ ಬಳಸಿದ ಕಾರು ಈ ದೇಶಕ್ಕೆ ಬರುವಂತಿಲ್ಲ. ಕೆಂಪಿಗೆ ಆಗ ನಾಲ್ಕು ತುಂಬಿತ್ತು. ಏಜೆಂಟನನ್ನು ಕೇಳಿದರೆ, "ನಾವು ಸಾಗಿಸುವವರು ಮಾತ್ರ, ನಿಮ್ಮ ದೇಶದ ಕಾನೂನು ನಮ್ಮ ಜವಾಬ್ದಾರಿಯಲ್ಲ" ಎಂಬ ಉತ್ತರ. ಮುಂಗಡದಲ್ಲಿ ಒಂದು ಭಾಗ ಮಾತ್ರ ಹಿಂದಿರುಗಿತು. ಆ ಪಾಠವನ್ನು ನಮ್ಮಂತೆಯೇ ಮಕ್ಕಳು ಮೊಮ್ಮಕ್ಕಳನ್ನು ಪರದೇಶದಲ್ಲಿಟ್ಟುಕೊಂಡಿರುವ ಕನ್ನಡ ಕುಟುಂಬಗಳೊಡನೆ ಹಂಚಿಕೊಳ್ಳುವುದು ಈ ಲೇಖನದ ಉದ್ದೇಶ.

ಗಾಲಿಯಿದ್ದರೂ ನೆಲಕ್ಕೆ ಕಟ್ಟಿದ ವಸ್ತು

ಕಾರು ಓಡಾಡುವ ವಸ್ತುವಾದರೂ ಕಾನೂನಿನ ದೃಷ್ಟಿಯಲ್ಲಿ ಅದು ಒಂದು ನೆಲಕ್ಕೆ ಕಟ್ಟಿದ್ದು. ಬ್ಯಾಂಕಿನ ವರ್ಗಾವಣೆಯಲ್ಲಿ ಕರ್ನಾಟಕದಿಂದ ಮಹಾರಾಷ್ಟ್ರಕ್ಕೆ ಬಂದ ನಮ್ಮಂಥವರಿಗೆ ಇದು ಹೊಸತಲ್ಲ. ಕೆಎ ಎಂದು ಆರಂಭವಾಗುವ ಸಂಖ್ಯೆಯ ಕಾರನ್ನು ಬೇರೆ ರಾಜ್ಯದಲ್ಲಿ ಹನ್ನೆರಡು ತಿಂಗಳಿಗಿಂತ ಹೆಚ್ಚು ಕಾಲ ಇಟ್ಟುಕೊಂಡರೆ ಮೋಟಾರು ವಾಹನ ಕಾಯಿದೆಯ 47ನೆಯ ವಿಧಿಯಂತೆ ಅಲ್ಲಿನ ಹೊಸ ನೋಂದಣಿ ಸಂಖ್ಯೆ ಪಡೆಯಬೇಕು. ಹಳೆಯ ಆರ್‌ಟಿಓ ಕಚೇರಿಯಿಂದ ನಿರಾಕ್ಷೇಪಣಾ ಪತ್ರ, ಹೊಸ ರಾಜ್ಯದಲ್ಲಿ ಮತ್ತೆ ರಸ್ತೆ ತೆರಿಗೆ, ಹಳೆಯ ರಾಜ್ಯದಿಂದ ತೆರಿಗೆ ಹಿಂಪಡೆಯಲು ಅಲೆದಾಟ. ಈ ತೊಂದರೆ ತಪ್ಪಿಸಲೆಂದೇ 2021ರ ಸೆಪ್ಟೆಂಬರಿನಲ್ಲಿ ವರ್ಗಾವಣೆಯ ನೌಕರರಿಗಾಗಿ ಬಿಎಚ್ ಸರಣಿಯ ಸಂಖ್ಯೆ ಬಂದಿತು. ಒಂದೇ ದೇಶದೊಳಗೆ, ನಿಪ್ಪಾಣಿಯ ಆಚೆಗೊಂದು ನಿಯಮ ಈಚೆಗೊಂದು ನಿಯಮವಿರುವಾಗ, ಸಮುದ್ರದ ಆಚೆಗೆ ಎಷ್ಟಿರಬೇಡ?

ಆದ್ದರಿಂದ ದೇಶ ಬದಲಿಸುವವರು ಮೂರು ಪ್ರಶ್ನೆಗಳನ್ನು ಇದೇ ಕ್ರಮದಲ್ಲಿ ಕೇಳಿಕೊಳ್ಳಬೇಕು. ಹೋಗುವ ದೇಶದ ಕಾನೂನು ಈ ಕಾರನ್ನು ಒಳಗೆ ಬಿಡುತ್ತದೆಯೆ? ಬಿಟ್ಟರೆ ಸುಂಕ, ಸಾಗಣೆ, ಪರೀಕ್ಷೆ, ನೋಂದಣಿ ಎಲ್ಲ ಸೇರಿ ಮನೆಯ ಬಾಗಿಲಿಗೆ ಬರುವ ಹೊತ್ತಿಗೆ ಎಷ್ಟಾಗುತ್ತದೆ? ಬಂದ ಮೇಲೆ ಅದನ್ನು ಅಲ್ಲಿ ಸಲೀಸಾಗಿ ನಡೆಸಲು, ದುರಸ್ತಿ ಮಾಡಿಸಲು, ಬೇಕಾದಾಗ ಮಾರಲು ಸಾಧ್ಯವೆ? ಮೊದಲನೆಯದಕ್ಕೆ "ಇಲ್ಲ" ಎಂಬ ಉತ್ತರ ಬಂದರೆ ಉಳಿದೆರಡನ್ನು ಕೇಳುವ ಅಗತ್ಯವೇ ಇಲ್ಲ.

ಭಾರತಕ್ಕೆ ತರುವವರಿಗೆ

ನಮ್ಮ ದೇಶಕ್ಕೆ ಬರುವ ಬಳಸಿದ ಕಾರಿನ ಚಕ್ರ, ಅಂದರೆ ಸ್ಟೀರಿಂಗು, ಬಲಗಡೆ ಇರಬೇಕು. ಈ ಒಂದು ನಿಯಮದಿಂದಲೇ ಅಮೆರಿಕ, ಕೆನಡಾ, ಜರ್ಮನಿಗಳ ಸಾಮಾನ್ಯ ಕಾರುಗಳೂ, ಕರಾವಳಿಯ ಸಾವಿರಾರು ಕುಟುಂಬಗಳು ದುಡಿಯುತ್ತಿರುವ ಕೊಲ್ಲಿ ರಾಷ್ಟ್ರಗಳ ಕಾರುಗಳೂ ಪಟ್ಟಿಯಿಂದ ಹೊರಗುಳಿಯುತ್ತವೆ. ದುಬೈಯಲ್ಲಿ ಹತ್ತು ವರ್ಷ ದುಡಿದು ಕೊಂಡ ಕಾರು ಎಷ್ಟೇ ಚೆನ್ನಾಗಿರಲಿ, ಅದರ ಚಕ್ರ ಎಡಗಡೆ ಇರುವುದರಿಂದ ಮಂಗಳೂರಿನ ರಸ್ತೆಯನ್ನು ಅದು ಕಾಣಲಾರದು. ಬ್ರಿಟನ್, ಐರ್ಲೆಂಡ್, ಆಸ್ಟ್ರೇಲಿಯಾ, ನ್ಯೂಜಿಲೆಂಡ್, ಸಿಂಗಪುರ, ಮಲೇಶಿಯಾ, ಜಪಾನ್, ದಕ್ಷಿಣ ಆಫ್ರಿಕಗಳಿಂದ ಬರುವವರಿಗೆ ಮಾತ್ರ ಮುಂದಿನ ಮಾತು ಅನ್ವಯಿಸುತ್ತದೆ.

ಚಕ್ರ ಬಲಗಡೆ ಇದ್ದರಷ್ಟೇ ಸಾಲದು. ತಯಾರಾದ ದಿನದಿಂದ ಮೂರು ವರ್ಷ ಮೀರಿರಬಾರದು. ವೇಗಮಾಪಕ ಕಿಲೋಮೀಟರಿನಲ್ಲಿ ತೋರಿಸಬೇಕು. ಬ್ರಿಟನ್ನಿನಲ್ಲಿ ಅದು ಮೈಲಿಯಲ್ಲಿರುತ್ತದೆ ಎಂಬುದನ್ನು ನೆನಪಿಡಬೇಕು. ಮುಂದಿನ ದೀಪಗಳು ಎಡಗಡೆ ಚಲಿಸುವ ಸಂಚಾರಕ್ಕೆ ಹೊಂದುವಂತಿರಬೇಕು. ಆಮದಾದ ದಿನದಿಂದ ಕನಿಷ್ಠ ಐದು ವರ್ಷ ರಸ್ತೆಯಲ್ಲಿ ಓಡಲು ಯೋಗ್ಯವೆಂಬ ಪ್ರಮಾಣಪತ್ರ ಬೇಕು. ಬಳಸಿದ ಕಾರು ಮುಂಬಯಿ ಬಂದರಿನ ಮೂಲಕವೇ ಬರಬೇಕು. ಬೆಂಗಳೂರಿನವರಾದರೂ ಚೆನ್ನೈಯವರಾದರೂ ಇಲ್ಲಿಗೇ ಬಂದು ಬಿಡಿಸಿಕೊಳ್ಳಬೇಕು. ಬಿಡುಗಡೆಗೆ ಮುನ್ನ ಪುಣೆಯ ಎಆರ್‌ಎಐನಂಥ ಸಂಸ್ಥೆಯಲ್ಲಿ ಪರೀಕ್ಷೆಯೂ ಆಗಬೇಕು. ಈ ಓಡಾಟ ನಡೆಯುವಷ್ಟು ದಿನವೂ ಬಂದರಿನ ನೆಲಬಾಡಿಗೆ ಏರುತ್ತಲೇ ಇರುತ್ತದೆ. ಶಾಶ್ವತವಾಗಿ ನೆಲೆಸಲು ಮರಳುವವರಿಗೆ ಪರವಾನಗಿಯಿಲ್ಲದೆ ಕಾರು ತರುವ ಅವಕಾಶವಿದೆ. ಆದರೆ ಅವರು ಎರಡು ವರ್ಷ ನಿರಂತರವಾಗಿ ಹೊರದೇಶದಲ್ಲಿದ್ದಿರಬೇಕು, ಕಾರು ಒಂದು ವರ್ಷವಾದರೂ ಅಲ್ಲಿ ಅವರ ವಶದಲ್ಲಿದ್ದಿರಬೇಕು.

ಇಲ್ಲಿ ಅನೇಕರು ಒಂದು ತಪ್ಪು ತಿಳಿವಳಿಕೆಗೆ ಒಳಗಾಗುತ್ತಾರೆ. ವಾಸ ಬದಲಾವಣೆ ಮಾಡಿ ಬರುವವರಿಗೆ ಮನೆಬಳಕೆಯ ಸಾಮಾನುಗಳ ಮೇಲೆ ಸುಂಕದ ರಿಯಾಯಿತಿ ಇದೆಯಲ್ಲವೆ, ಕಾರಿಗೂ ಇರಬೇಕೆಂದು ಭಾವಿಸುತ್ತಾರೆ. ಇಲ್ಲ. ಮೋಟಾರು ವಾಹನ ಆ ರಿಯಾಯಿತಿಗೆ ಸೇರುವುದಿಲ್ಲ. ಪೂರ್ಣ ಸುಂಕ ಕಟ್ಟಲೇಬೇಕು.

ಆ ಪೂರ್ಣ ಸುಂಕವೆಂದರೆ ಎಷ್ಟೆಂದು ಒಂದು ಉದಾಹರಣೆಯಿಂದ ನೋಡೋಣ. ಕಸ್ಟಮ್ಸ್ ಇಲಾಖೆ ಕಾರು ಹೊಸದಾಗಿದ್ದಾಗಿನ ಬೆಲೆಯನ್ನು ಹಿಡಿದು, ವಯಸ್ಸಿಗೆ ತಕ್ಕ ಸವಕಳಿಯನ್ನು ಕಳೆದು, ಸಾಗಣೆ ಮತ್ತು ವಿಮೆಯ ವೆಚ್ಚವನ್ನು ಕೂಡಿಸಿ ಮೌಲ್ಯ ನಿರ್ಧರಿಸುತ್ತದೆ. ಆ ಮೌಲ್ಯ 10 ಲಕ್ಷ ರೂಪಾಯಿ ಎಂದಿಟ್ಟುಕೊಳ್ಳೋಣ. 2025ರ ಬಜೆಟ್ಟಿನಲ್ಲಿ ಬಳಸಿದ ಕಾರಿನ ಮೂಲ ಸುಂಕವನ್ನು ಶೇ. 125ರಿಂದ 70ಕ್ಕೆ ಇಳಿಸಿದರೆಂಬ ಸುದ್ದಿ ಕೇಳಿ ಸಂತೋಷಪಟ್ಟವರಿದ್ದಾರೆ. ಆದರೆ ಅದರ ಜೊತೆಗೆ ಶೇ. 67.5ರ ಕೃಷಿ ಮೂಲಸೌಕರ್ಯ ಸೆಸ್ ಬಂದಿತು. ಎರಡೂ ಸೇರಿ ಶೇ. 137.5. ಹಿಂದೆ ಮೂಲ ಸುಂಕಕ್ಕೆ ಸಮಾಜ ಕಲ್ಯಾಣ ಅಧಿಭಾರ ಸೇರಿದಾಗಲೂ ಇದೇ ಮೊತ್ತವಾಗುತ್ತಿತ್ತು. ಹೆಸರು ಬದಲಾಯಿತು, ಹೊರೆ ಬದಲಾಗಲಿಲ್ಲ. ಈ ಲೆಕ್ಕದಲ್ಲಿ 13.75 ಲಕ್ಷ. ಕಾರಿನ ಮೌಲ್ಯಕ್ಕೆ ಇದನ್ನು ಕೂಡಿಸಿದರೆ 23.75 ಲಕ್ಷ. ಈ ಒಟ್ಟು ಮೊತ್ತದ ಮೇಲೆ ಜಿಎಸ್‌ಟಿ. 2025ರ ಸೆಪ್ಟೆಂಬರ್ 22ರಿಂದ ದೊಡ್ಡ ಕಾರುಗಳಿಗೆ ಜಾರಿಯಾದ ಶೇ. 40ರ ದರದಲ್ಲಿ ಅದು 9.5 ಲಕ್ಷ. ಅಂದರೆ 10 ಲಕ್ಷದ ಕಾರಿಗೆ ಸರ್ಕಾರಕ್ಕೆ ಸಲ್ಲುವುದು 23.25 ಲಕ್ಷ. ನಾಲ್ಕು ಮೀಟರಿಗೆ ಮೀರದ, 1200 ಸಿಸಿಯೊಳಗಿನ ಸಣ್ಣ ಪೆಟ್ರೋಲ್ ಕಾರಾದರೆ ಜಿಎಸ್‌ಟಿ ಶೇ. 18; ಆಗಲೂ ಒಟ್ಟು ತೆರಿಗೆ 18 ಲಕ್ಷ ದಾಟುತ್ತದೆ. ಇದಾದ ಮೇಲೆ ರಾಜ್ಯದ ರಸ್ತೆ ತೆರಿಗೆ ಬೇರೆ.

ಈ ಹಣಕ್ಕೆ ಇಲ್ಲೇ ತಯಾರಾದ, ಇಲ್ಲೇ ಬಿಡಿಭಾಗ ಸಿಗುವ, ಹೊಚ್ಚಹೊಸ ಕಾರು ಬಂದು ಕೈಯಲ್ಲಿ ಉಳಿತಾಯವೂ ಉಳಿಯುತ್ತದೆ. ನಿಯಮಕ್ಕೆ ಹೊಂದುವ ಕಾರಿದ್ದವರೂ ಲೆಕ್ಕದ ಮುಂದೆ ಹಿಂಜರಿಯುವುದು ಇದರಿಂದಲೇ.

ಇಲ್ಲಿಂದ ಒಯ್ಯುವವರಿಗೆ

ಇನ್ನು ಇಲ್ಲಿಂದ ಹೊರಡುವವರ ಮಾತು. ಇವರಲ್ಲಿ ಆಸೆ ಹೆಚ್ಚು, ಏಕೆಂದರೆ ಹೋದ ಮೊದಲ ತಿಂಗಳಲ್ಲೇ ಅಲ್ಲಿ ಕಾರು ಕೊಳ್ಳುವುದು ದುಬಾರಿಯೆಂಬ ಭಯ. ಒಂದೊಂದು ದೇಶದ ಬಾಗಿಲು ಒಂದೊಂದು ರೀತಿ.

ಅಮೆರಿಕ ತನ್ನ ಸುರಕ್ಷತಾ ಮಾನದಂಡಕ್ಕೆ ತಯಾರಾಗದ, 25 ವರ್ಷ ತುಂಬದ ಕಾರನ್ನು ಶಾಶ್ವತವಾಗಿ ತರಲು ಸಾಮಾನ್ಯವಾಗಿ ಬಿಡುವುದಿಲ್ಲ. ನಮ್ಮ ರಸ್ತೆಯ ಸಾಮಾನ್ಯ ಕಾರುಗಳು ಇಲ್ಲಿಯೇ ನಿಂತುಹೋಗುತ್ತವೆ. ಸಂಯುಕ್ತ ಅರಬ್ ಸಂಸ್ಥಾನದಲ್ಲಿ ಬಲಗಡೆ ಚಕ್ರದ ಕಾರಿಗೆ ನೋಂದಣಿ ಸಿಗುವುದಿಲ್ಲ. ಸಿಂಗಪುರಕ್ಕೆ ಮೂರು ವರ್ಷದೊಳಗಿನ ಕಾರನ್ನಷ್ಟೇ ಒಯ್ಯಬಹುದು. ಅಲ್ಲಿ ಕಾರು ಇಟ್ಟುಕೊಳ್ಳುವ ಹಕ್ಕುಪತ್ರವನ್ನೇ ಹರಾಜಿನಲ್ಲಿ ಕೊಳ್ಳಬೇಕಾದ್ದರಿಂದ ಕಾರಿನ ಬೆಲೆಗಿಂತ ಆ ಪತ್ರವೇ ಭಾರವಾಗುವುದುಂಟು.

ಆಸ್ಟ್ರೇಲಿಯಾದಲ್ಲಿ ನಮ್ಮಂತೆಯೇ ಚಕ್ರ ಬಲಗಡೆ. ಆದರೆ 2021ರ ಜುಲೈಯಿಂದ ಜಾರಿಯಲ್ಲಿರುವ ಕಾಯಿದೆಯಂತೆ ಕಾರು ಹಡಗು ಹತ್ತುವ ಮೊದಲೇ ಆಮದಿನ ಅನುಮತಿ ಕೈಯಲ್ಲಿರಬೇಕು. ಹೊರದೇಶದಲ್ಲಿ ಕನಿಷ್ಠ ಹನ್ನೆರಡು ತಿಂಗಳು ಅದನ್ನು ಹೊಂದಿ ಬಳಸಿರಬೇಕು, ಅಲ್ಲಿ ಶಾಶ್ವತವಾಗಿ ನೆಲೆಸುವ ಹಕ್ಕೂ ಇರಬೇಕು ಅಥವಾ ಅದಕ್ಕೆ ಅರ್ಜಿ ಸಲ್ಲಿಸಿರಬೇಕು. ಅಲ್ಲಿ 2003ರ ಕೊನೆಯ ದಿನದಿಂದ ಕಲ್ನಾರು ಸಂಪೂರ್ಣ ನಿಷಿದ್ಧ. ಬ್ರೇಕಿನ ಪಟ್ಟಿಯಲ್ಲಾಗಲಿ ಎಂಜಿನ್ನಿನ ಗ್ಯಾಸ್ಕೆಟಿನಲ್ಲಾಗಲಿ ಅದರ ಅಂಶವಿದ್ದರೆ ಕಾರನ್ನು ಬಿಡುವುದಿಲ್ಲ. ಗಾಲಿಯ ಸಂದಿಯಲ್ಲಿ ಊರಿನ ಕೆಸರೋ ಹುಲ್ಲಿನ ಬೀಜವೋ ಉಳಿದಿದ್ದರೂ ತೊಳೆಸಿ, ಅದರ ಖರ್ಚನ್ನು ನಮ್ಮಿಂದಲೇ ವಸೂಲು ಮಾಡುತ್ತಾರೆ.

ಬ್ರಿಟನ್ ಮಾತ್ರ ಸ್ವಲ್ಪ ಉದಾರಿ. ಹನ್ನೆರಡು ತಿಂಗಳಾದರೂ ಹೊರಗೆ ವಾಸವಿದ್ದು, ಆರು ತಿಂಗಳಾದರೂ ಕಾರನ್ನು ಹೊಂದಿ ಬಳಸಿ, ನೆಲೆಸಲು ಬರುವವರಿಗೆ ಸುಂಕವೂ ವ್ಯಾಟ್ ತೆರಿಗೆಯೂ ಮನ್ನಾ ಆಗಬಹುದು. ಹನ್ನೆರಡು ತಿಂಗಳು ಅದನ್ನು ಮಾರುವಂತಿಲ್ಲ. ಮನ್ನಾ ದೊರೆಯದಿದ್ದರೆ ಸಾಮಾನ್ಯವಾಗಿ ಶೇ. 10 ಸುಂಕ, ಅದರ ಮೇಲೆ ಶೇ. 20 ವ್ಯಾಟ್. ಹತ್ತು ವರ್ಷದೊಳಗಿನ ಕಾರಾದರೆ ಅಲ್ಲಿನ ಮಾನದಂಡಕ್ಕೆ ಹೊಂದುತ್ತದೆಯೇ ಎಂಬ ಪ್ರತ್ಯೇಕ ಪರೀಕ್ಷೆಯೂ ಇದೆ. ಲಂಡನ್ನಿನಲ್ಲಿ ಮನೆ ಮಾಡುವವರು ಇನ್ನೊಂದನ್ನು ಗಮನಿಸಬೇಕು. 2023ರ ಆಗಸ್ಟ್ 29ರಿಂದ ಇಡೀ ಮಹಾನಗರಕ್ಕೆ ಹಬ್ಬಿದ ಹೊಗೆ ನಿಯಂತ್ರಣದ ನಿಯಮದಂತೆ, ಮಟ್ಟಕ್ಕೆ ಹೊಂದದ ಹಳೆಯ ಕಾರು ಹೊರಗೆ ತೆಗೆದ ದಿನವೆಲ್ಲ 12.50 ಪೌಂಡ್ ತೆರಬೇಕು.

ಬ್ಯಾಂಕು, ವಿಮೆ, ಸಮುದ್ರ

ಬ್ಯಾಂಕಿನ ಮೇಜಿನ ಈಚೆಗೆ ಕುಳಿತು ಮೂರು ದಶಕ ಕಳೆದ ನಮಗೆ ಒಂದು ಎಚ್ಚರಿಕೆ ಹೇಳುವ ಅಧಿಕಾರವಿದೆ ಎಂದುಕೊಳ್ಳುತ್ತೇವೆ. ಸಾಲದ ಕಾರು ಪೂರ್ತಿ ನಿಮ್ಮದಲ್ಲ. ಆರ್‌ಸಿ ಪುಸ್ತಕದಲ್ಲಿ ಬ್ಯಾಂಕಿನ ಹೆಸರಿರುವ ತನಕ ಅದನ್ನು ದೇಶದಾಚೆಗೆ ಕಳಿಸುವ ಹಾಗಿಲ್ಲ, ಮಾರುವ ಹಾಗೂ ಇಲ್ಲ. ಸಾಲ ತೀರಿಸಿ, ಬ್ಯಾಂಕಿನಿಂದ ಫಾರಂ 35 ಮತ್ತು ನಿರಾಕ್ಷೇಪಣಾ ಪತ್ರ ಪಡೆದು, ಆರ್‌ಟಿಓ ದಾಖಲೆಯಿಂದ ಆ ಹೆಸರನ್ನು ತೆಗೆಸಬೇಕು. ವೀಸಾ ಬಂದ ಮೇಲೆ ನೋಡೋಣವೆಂದು ಕುಳಿತವರು ಕಡೆಯ ವಾರದಲ್ಲಿ ಪಡುವ ಪಾಡನ್ನು ನಾವು ಕಂಡಿದ್ದೇವೆ. ಸುಂಕ ಕಟ್ಟಲೆಂದು ವೈಯಕ್ತಿಕ ಸಾಲ ಕೇಳಿಕೊಂಡು ಬರುವವರಿಗೂ ನಮ್ಮದು ಒಂದೇ ಮಾತು: ದಿನದಿನಕ್ಕೆ ಬೆಲೆ ಕಳೆದುಕೊಳ್ಳುವ ವಸ್ತುವಿನ ತೆರಿಗೆಗಾಗಿ ಬಡ್ಡಿಯ ಹಣ ತರಬೇಡಿ.

ಮಾರುವವರೂ ಕೀಲಿಕೈ ಕೊಟ್ಟು ಹಣ ಎಣಿಸಿಕೊಂಡರೆ ಮುಗಿಯಿತೆಂದು ತಿಳಿಯಬಾರದು. ಆರ್‌ಟಿಓ ದಾಖಲೆಯಲ್ಲಿ ಹೆಸರು ಯಾರದಿದೆಯೋ ಅವರೇ ಮಾಲೀಕರು, ಅಪಘಾತದ ಪರಿಹಾರದ ಹೊಣೆಯೂ ಅವರದೇ ಎಂದು 2018ರಲ್ಲಿ ಸುಪ್ರೀಂ ಕೋರ್ಟ್ ಸ್ಪಷ್ಟಪಡಿಸಿದೆ. ನೀವು ಮೆಲ್ಬರ್ನಿನಲ್ಲಿರುವಾಗ ಇಲ್ಲಿ ಯಾರೋ ಓಡಿಸಿದ ಕಾರಿಗೆ ನಿಮ್ಮ ವೃದ್ಧ ತಂದೆ ನ್ಯಾಯಾಲಯದ ಮೆಟ್ಟಿಲು ಹತ್ತುವಂತಾಗಬಾರದು. ಫಾರಂ 29 ಮತ್ತು 30ಕ್ಕೆ ಸಹಿ ಹಾಕಿ, ಹೆಸರು ಬದಲಾದದ್ದನ್ನು ಕಣ್ಣಾರೆ ಕಂಡು, ಫಾಸ್ಟ್ಯಾಗನ್ನು ಮುಚ್ಚಿಸಿಯೇ ಹೊರಡಬೇಕು. ವಿಮೆಯ ನೋ ಕ್ಲೇಮ್ ಬೋನಸ್ ಕಾರಿಗೆ ಸೇರಿದ್ದಲ್ಲ, ಮಾಲೀಕರಿಗೆ ಸೇರಿದ್ದು. ಮಾರುವಾಗ ವಿಮಾ ಕಂಪನಿಯಿಂದ ಅದರ ಪತ್ರ ಪಡೆದಿಟ್ಟುಕೊಂಡರೆ ಮೂರು ವರ್ಷದೊಳಗೆ ಮರಳಿ ಬಂದು ಕೊಳ್ಳುವ ಹೊಸ ಕಾರಿಗೆ ಆ ರಿಯಾಯಿತಿ ದಕ್ಕುತ್ತದೆ.

ಇಷ್ಟೆಲ್ಲ ತಿಳಿದ ಮೇಲೂ ಸಾಗಿಸಲೇಬೇಕೆಂದರೆ ಆಗ ಹಡಗಿನ ಮಾತು. ಇದರಲ್ಲಿ ಎರಡು ದಾರಿ. ಕಾರನ್ನು ಓಡಿಸಿಕೊಂಡೇ ಹತ್ತಿಸುವ ವಾಹನದ ಹಡಗು ಒಂದು. ಇದು ಅಗ್ಗವಾದರೂ ಸಾಮಾನ್ಯವಾಗಿ ಕಾರಿನೊಳಗೆ ಮನೆಯ ಸಾಮಾನು ತುಂಬಲು ಒಪ್ಪುವುದಿಲ್ಲ. ಇಪ್ಪತ್ತು ಅಡಿಯ ಕಂಟೇನರಿನಲ್ಲಿ ಒಂದೇ ಕಾರನ್ನು ಬಿಗಿದು ಕಳಿಸುವುದು ಇನ್ನೊಂದು. ಯಾವುದಾದರೂ ಸಮುದ್ರ ವಿಮೆ ಅಗತ್ಯ. 2022ರ ಫೆಬ್ರವರಿಯಲ್ಲಿ ಫೆಲಿಸಿಟಿ ಏಸ್ ಎಂಬ ಹಡಗಿಗೆ ಅಟ್ಲಾಂಟಿಕ್ ಸಾಗರದಲ್ಲಿ ಬೆಂಕಿ ಬಿದ್ದು, ಮಾರ್ಚ್ 1ರಂದು ಅದು ಸುಮಾರು 4,000 ಕಾರುಗಳ ಸಮೇತ ಮುಳುಗಿತು. 2023ರ ಕೊನೆಯಿಂದ ಕೆಂಪು ಸಮುದ್ರದಲ್ಲಿ ದಾಳಿಗಳು ಆರಂಭವಾದಾಗ ಅನೇಕ ಹಡಗುಗಳು ಆಫ್ರಿಕದ ದಕ್ಷಿಣ ತುದಿಯನ್ನು ಬಳಸಿಕೊಂಡು ಹೋಗಬೇಕಾಯಿತು. ದಿನವೂ ದರವೂ ಏರಿದವು. ಹಡಗನ್ನು ಉಳಿಸಲು ಕೆಲವರ ಸರಕನ್ನು ಬಲಿಕೊಡಬೇಕಾಗಿ ಬಂದರೆ, ಆ ನಷ್ಟವನ್ನು ಉಳಿದ ಸರಕಿನ ಮಾಲೀಕರೆಲ್ಲ ಹಂಚಿಕೊಳ್ಳಬೇಕೆಂಬ ಪುರಾತನ ಪದ್ಧತಿಯೂ ಕಡಲ ವ್ಯಾಪಾರದಲ್ಲಿದೆ. ನಿಮ್ಮ ಕಾರಿಗೆ ಗೀರೂ ಬಿದ್ದಿರದಿದ್ದರೂ ಹಣ ಕೇಳುವ ಪತ್ರ ಬರಬಹುದು. ವಿಮೆಯಿದ್ದವರ ಪರವಾಗಿ ಅದನ್ನು ವಿಮಾ ಕಂಪನಿ ನೋಡಿಕೊಳ್ಳುತ್ತದೆ.

ಸಾಗಿಸುವುದು ಎಂದಿಗೂ ಸರಿಯಲ್ಲವೆಂದು ನಾವು ಹೇಳುವುದಿಲ್ಲ. ಕೈಕಾಲಿನ ತೊಂದರೆಯಿರುವವರಿಗಾಗಿ ವಿಶೇಷವಾಗಿ ಮಾರ್ಪಡಿಸಿದ ಕಾರು, ಸುಂಕ ಮನ್ನಾ ಇರುವ ದೇಶಕ್ಕೆ ಹೊರಟವರ ಹೊಸ ಬೆಲೆಬಾಳುವ ಕಾರು, ಮನೆತನದ ಹಳೆಯ ಕಾರನ್ನು ಖರ್ಚು ತಿಳಿದೂ ಉಳಿಸಿಕೊಳ್ಳಬೇಕೆನ್ನುವವರ ಹಂಬಲ, ಇವಕ್ಕೆ ಲೆಕ್ಕ ಬೇರೆ. ಆದರೆ ಸಾಮಾನ್ಯ ಸಂಸಾರದ ಸಾಮಾನ್ಯ ಕಾರಿಗೆ ಮಾರಿ ಹೊರಡುವುದೇ ಬಹುತೇಕ ಸಲ ಸರಿಯಾದ ಉತ್ತರ.

ಕೊರಳ ಗಂಟೆ

ನಮ್ಮ ಅಳಿಯಂದಿರು ಕೆಂಪಿಯನ್ನು ಅಲ್ಲೇ ಮಾರಿದರು. ಅಲ್ಲಿನ ನೋಂದಣಿ ಕಚೇರಿಗೆ ಮಾರಾಟ ತಿಳಿಸಿದ ಮೇಲೆ ಉಳಿದ ತಿಂಗಳುಗಳ ರಸ್ತೆ ತೆರಿಗೆ ತಾನಾಗಿಯೇ ಹಿಂದಿರುಗಿತು. ಬಂದ ಹಣದಲ್ಲಿ ಪುಣೆಯಲ್ಲಿ ಒಂದು ಸಣ್ಣ ಕಾರು ಕೊಂಡರು. ಮಿಕ್ಕದ್ದು ಮನೆಯ ಮುಂಗಡಕ್ಕೆ ಸೇರಿತು. ಲೆಕ್ಕ ಸರಿಯಾಯಿತು. ಆದರೆ ಕಾರನ್ನು ಒಯ್ಯಲು ಬಂದವರು ಅದನ್ನು ಬೀದಿಯ ತಿರುವಿನಾಚೆ ತೆಗೆದುಕೊಂಡು ಹೋದಾಗ ಮೊಮ್ಮಗಳು ಅತ್ತಳಂತೆ. ಅವಳ ತಾಯಿಯೂ ಅತ್ತಿರಬೇಕು, ಅದನ್ನು ಹೇಳಲಿಲ್ಲ.

ನಮ್ಮ ಅಜ್ಜ ಹಸುವನ್ನು ಮಾರಬೇಕಾಗಿ ಬಂದಾಗ ಅದರ ಕೊರಳ ಗಂಟೆಯನ್ನು ಬಿಚ್ಚಿ ಮನೆಯಲ್ಲೇ ಇಟ್ಟುಕೊಳ್ಳುತ್ತಿದ್ದರು. ಹಸು ಹೋಗಬಹುದು, ಗಂಟೆ ಹೋಗಬಾರದು ಎನ್ನುತ್ತಿದ್ದರು. ಕೆಂಪಿಯ ಡ್ಯಾಶ್‌ಬೋರ್ಡಿನ ಮೇಲೆ ಕುಳಿತಿದ್ದ ಹಿತ್ತಾಳೆಯ ಪುಟ್ಟ ಗಣಪತಿಯನ್ನು ಮಗಳು ಕೈಚೀಲದಲ್ಲಿಟ್ಟುಕೊಂಡು ಬಂದಳು. ಅದಕ್ಕೆ ಸುಂಕವಿರಲಿಲ್ಲ. ಈಗ ಅದು ಪುಣೆಯ ಕಾರಿನಲ್ಲಿದೆ. ಮೊಮ್ಮಗಳು ಆ ಕಾರಿನ ಬಣ್ಣ ಬಿಳಿಯಾದರೂ ಅದನ್ನೂ ಕೆಂಪಿ ಎಂದೇ ಕರೆಯುತ್ತಾಳೆ.

ನಮ್ಮ ಓದುಗರ ಮನೆಗಳಲ್ಲಿ ಯಾರಾದರೂ ಹೊರಡುವವರಿದ್ದರೆ, ಬರುವವರಿದ್ದರೆ, ಮಕ್ಕಳಿಗೆ ಇಷ್ಟು ಹೇಳಿ: ಟಿಕೆಟು ತೆಗೆಸುವ ಆರು ತಿಂಗಳ ಮೊದಲು ಕಾರಿನ ತಯಾರಿಕೆಯ ವರ್ಷ ಮತ್ತು ತಿಂಗಳು ನೋಡಿಕೊಳ್ಳಿ. ಹೋಗುವ ದೇಶದ ಸರ್ಕಾರಿ ನಿಯಮವನ್ನು ಮೂಲದಲ್ಲೇ ಓದಿ, ಏಜೆಂಟನ ಬಾಯಿಂದ ಕೇಳಬೇಡಿ. ಸುಂಕ ದರಗಳು ಬಜೆಟ್ಟಿನಿಂದ ಬಜೆಟ್ಟಿಗೆ ಬದಲಾಗುವುದರಿಂದ ಹೊರಡುವ ವರ್ಷದ ದರವನ್ನೇ ಹಿಡಿದು ಲೆಕ್ಕ ಹಾಕಿ. ಮೂರು ಪ್ರಶ್ನೆಗಳಿಗೂ ಬರಹದಲ್ಲಿ ಉತ್ತರ ಸಿಗುವ ತನಕ ಯಾರಿಗೂ ಮುಂಗಡ ಕೊಡಬೇಡಿ.